ಮೂವತ್ಮೂರರ ತಟ್ಟೆ ನಲವತ್ತೈದರಲ್ಲಿ ಓಡಿದಾಗ

ಬರೀ ಹತ್ತು ಸೆಕೆಂಡು! 1987ರಲ್ಲಿ ಕ್ಯಾಲಿಫೋರ್ನಿಯಾದ ಇ-ಮು ಕಂಪನಿ ಹೊರತಂದ ಎಸ್‌ಪಿ-1200 ಸ್ಯಾಂಪ್ಲರಿಗೆ, ಅಂದರೆ ಧ್ವನಿಯ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರಕ್ಕೆ, ಒಟ್ಟು ಹಿಡಿಯುತ್ತಿದ್ದ ಧ್ವನಿ ಅಷ್ಟೇ. ಅದರಲ್ಲೂ ಒಂದೊಂದು ಸ್ಯಾಂಪಲ್ ಎರಡೂವರೆ ಸೆಕೆಂಡು ದಾಟುವಂತಿರಲಿಲ್ಲ. ನ್ಯೂಯಾರ್ಕಿನ ಹಿಪ್-ಹಾಪ್ ಹುಡುಗರಿಗೋ ಹಳೆಯ ಜಾಝ್, ಫಂಕ್ ರೆಕಾರ್ಡುಗಳಿಂದ ಇಡೀ ಒಂದು ಸಾಲೇ ಬೇಕು. ಏನು ಮಾಡಿದರು ಗೊತ್ತೇ? 33 ಆರ್‌ಪಿಎಂನ ಎಲ್‌ಪಿಯನ್ನು 45ರಲ್ಲಿ ಓಡಿಸಿದರು! ಸ್ವರ ಕೀಚಲಾಯಿತು, ಸಾಲು ಗಿಡ್ಡವಾಯಿತು, ಮೂರೂಕಾಲು ಸೆಕೆಂಡಿಗೂ ಮಿಕ್ಕ ಸಂಗೀತ ಎರಡೂವರೆ ಸೆಕೆಂಡಿನೊಳಗೆ ಕೂತುಬಿಟ್ಟಿತು. ಆಮೇಲೆ ಯಂತ್ರದ ಸ್ಲೈಡರ್ ಜಗ್ಗಿ ಪಿಚ್ಚನ್ನು ಮತ್ತೆ ಕೆಳಕ್ಕಿಳಿಸಿದರು.

ಜಾಗ ಉಳಿಸುವ ಉಪಾಯ, ನಿಜ. ಆದರೆ ಲೆಕ್ಕ ಹಾಕಿ ನೋಡಿ, ಮೈ ಜುಮ್ಮೆನ್ನುತ್ತದೆ. ಈ ಯಂತ್ರ ಧ್ವನಿಯನ್ನು ಸೆಕೆಂಡಿಗೆ 26,040 ಸಲ ಅಳೆಯುತ್ತದೆ. ಆ ದರ ಬದಲಿಸಲು ಅದರಲ್ಲಿ ಗುಂಡಿಯೇ ಇಲ್ಲ. (1986ರ ಅಕಾಯ್ ಎಸ್900 ಎಂಬ ಸ್ಯಾಂಪ್ಲರಿನಲ್ಲಿ ಇತ್ತು: 40 ಕಿಲೋಹರ್ಟ್ಸ್‌ನಲ್ಲಿ ಹನ್ನೆರಡು ಸೆಕೆಂಡೂ ತುಂಬದ ಮೆಮೊರಿ, 7.5ಕ್ಕೆ ಇಳಿಸಿದರೆ ಒಂದು ನಿಮಿಷ ದಾಟುತ್ತಿತ್ತು.) ತಟ್ಟೆ 1.35 ಪಟ್ಟು ಜೋರಾಗಿ ತಿರುಗಿದರೆ ಮೂಲ ಸಂಗೀತದ ಒಂದು ಸೆಕೆಂಡಿಗೆ ಸಿಗುವುದು ಸುಮಾರು 19,300 ಅಳತೆ ಮಾತ್ರ. ಸ್ಯಾಂಪ್ಲಿಂಗ್ ರೇಟ್ ಇಳಿಸಿದ್ದು ರೆಕಾರ್ಡ್ ಪ್ಲೇಯರಿನ ಮೋಟಾರು!

ಅಳೆಯುವ ದರದ ಅರ್ಧಕ್ಕಿಂತ ಮೇಲಿನ ಕಂಪನಗಳು ಕೈಗೆ ಸಿಗುವುದಿಲ್ಲ. ಹಾಗಾಗಿ 13 ಕಿಲೋಹರ್ಟ್ಸ್‌ವರೆಗೆ ಇದ್ದ ಮಿತಿ ಹತ್ತಕ್ಕಿಂತ ಕೆಳಗಿಳಿಯಿತು, ಸಿಂಬಲ್ಲಿನ ತುದಿಯ ಮಿನುಗು ಹೋಯಿತು. ಇನ್ನೇನು, ಧ್ವನಿ ಮಂಕಾಗಬೇಕು ತಾನೆ?

ಇಲ್ಲ! ಪಿಚ್ ಇಳಿಸುವಾಗ ಈ ಯಂತ್ರ ಎರಡು ಅಳತೆಗಳ ನಡುವಿನ ಬೆಲೆಯನ್ನು ಊಹಿಸುವ ಗೋಜಿಗೇ ಹೋಗುವುದಿಲ್ಲ; ಇದ್ದ ಅಳತೆಯನ್ನೇ ಅಲ್ಲಲ್ಲಿ ಎರಡೆರಡು ಸಲ ನುಡಿಸಿಬಿಡುತ್ತದೆ. ನುಣುಪಾದ ಅಲೆಯಲ್ಲಿ ಮೆಟ್ಟಿಲು ಮೂಡುತ್ತದೆ, ಆ ಮೆಟ್ಟಿಲಿನ ಅಂಚುಗಳಿಂದ ತಟ್ಟೆಯಲ್ಲಿ ಎಂದೂ ಇರದ ಕಂಪನಗಳು ಹುಟ್ಟುತ್ತವೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಜಟಕಾದ ಚಕ್ರ ಹಿಂದಕ್ಕೆ ಉರುಳಿದಂತೆ ಕಾಣುವುದಿಲ್ಲವೇ, ಈ ಕಂಪನಗಳೂ ಅದೇ ಜಾತಿಯವು. ಹೀಗೆ ಇಳಿಸಿದ ಹೈ-ಹ್ಯಾಟಿನ ಒಂದು ಏಟನ್ನು ಹೆಡ್‌ಫೋನಿನಲ್ಲಿ ಕೇಳಿ. ಏಟು ಆರುವ ಹೊತ್ತಿಗೆ ಅದರ ಬಾಲದಲ್ಲಿ ತೆಳ್ಳನೆಯ ಲೋಹದ ಗುಂಯ್‌ಗುಡುವಿಕೆ ಕೇಳುತ್ತದೆ. ಅದನ್ನು ಯಾವ ಡ್ರಮ್ಮರನೂ ನುಡಿಸಿಲ್ಲ!

ಸ್ಯಾಂಪಲ್ಲನ್ನು ಯಾವ ಔಟ್‌ಪುಟ್ಟಿಗೆ ಹಾಕುತ್ತೀರಿ ಎಂಬುದೂ ಮುಖ್ಯ. ಎಂಟರಲ್ಲಿ ಕೊನೆಯ ಎರಡಕ್ಕೆ ಫಿಲ್ಟರೇ ಇಲ್ಲ, ಈ ಮರಳುಮರಳು ಪೂರ್ತಿ ಹೊರಬರುತ್ತದೆ. ಫಿಲ್ಟರ್ ಇರುವ ಮೊದಲೆರಡರಲ್ಲಿ ಬೇಸ್ ಗಿಟಾರು ದುಂಡಗೆ, ಬೆಚ್ಚಗೆ ಕೇಳುತ್ತದೆ. 1992ರಲ್ಲಿ ಹಿಪ್-ಹಾಪ್ ನಿರ್ಮಾಪಕ ಪೀಟ್ ರಾಕ್ ಈ ಯಂತ್ರದಲ್ಲೇ ಟಾಮ್ ಸ್ಕಾಟ್‌ನ ಸ್ಯಾಕ್ಸೊಫೋನನ್ನು ಕೂರಿಸಿ, ತೀರಿಹೋದ ಗೆಳೆಯನ ನೆನಪಿನ ಹಾಡು ಕಟ್ಟಿದ. ನನ್ನ ಮಟ್ಟಿಗೆ ಹಿಪ್-ಹಾಪ್‌ನಲ್ಲಿ ಅದಕ್ಕಿಂತ ಆರ್ದ್ರವಾದ ಧ್ವನಿ ಇನ್ನೊಂದಿಲ್ಲ.

ಯಂತ್ರವನ್ನು ರೂಪಿಸಿದ ಡೇವ್ ರಾಸಮ್ 2021ರಲ್ಲಿ ಅದನ್ನು ಮತ್ತೆ ತಯಾರಿಸಿದರು. ಮೆಮೊರಿ ಈಗ ಕಡಲೆಕಾಯಿ ಬೆಲೆಗೆ ಸಿಗುತ್ತದೆ, ಸೆಕೆಂಡುಗಳನ್ನು ಇಪ್ಪತ್ತಕ್ಕೆ ಏರಿಸಿದರು. ಆದರೆ ಪ್ರತಿ ಅಳತೆಯನ್ನು ಬರೆದಿಡುವ 12 ಬಿಟ್ಟನ್ನೂ ಆ 26.04 ಕಿಲೋಹರ್ಟ್ಸನ್ನೂ ಮುಟ್ಟಲೇ ಇಲ್ಲ!