ನಾಲ್ಕು ಗಂಟೆಯ ಕೆರೆ, ಮೂರು ನಿಮಿಷದ ವಿಡಿಯೋ

ಕಾಲೇಜಿನ ಹಿಂದಿರೋ ಕೆರೆ ಉಳಿಸೋ ಅಭಿಯಾನಕ್ಕೆ ಒಂದು ಚಿಕ್ಕ ಡಾಕ್ಯುಮೆಂಟರಿ ಮಾಡ್ತೀವಿ ಅಂತ ಒಪ್ಪಿಕೊಂಡಾಗ ನಾವು ಐದು ಜನ. ಮೂರು ಭಾನುವಾರ ಅಲೆದು ನಾಲ್ಕು ಗಂಟೆಯಷ್ಟು ಶೂಟ್ ಮಾಡಿದ್ವಿ. ಬೇಕಾಗಿದ್ದಿದ್ದು ಮೂರು ನಿಮಿಷ. ಎಡಿಟಿಂಗ್ ಅಂದ್ರೆ ಬೇಡದ್ದು ಕಟ್ ಮಾಡಿ ಒಂದು ಮ್ಯೂಸಿಕ್ ಹಾಕೋದು ಅಂದ್ಕೊಂಡಿದ್ವಿ. ನೀವೂ ಇಂಥದ್ದು ಮಾಡೋಕೆ ಹೊರಟಿದ್ರೆ ಸ್ವಲ್ಪ ಓದಿ, ನಮ್ಮ ಎರಡು ವಾರ ನಿಮಗಾದ್ರೂ ಉಳಿಯಲಿ.

ಫೋನಿನಲ್ಲಿ ತೆಗೆದ ವಿಡಿಯೋ ಟೈಮ್‌ಲೈನಿಗೆ ಹಾಕಿದ ತಕ್ಷಣ ಮಾತು ಮತ್ತು ತುಟಿ ಬೇರೆ ಬೇರೆ ಆಗೋಕೆ ಶುರುವಾಯ್ತು. ಕಾರಣ, ಫೋನುಗಳು ಬೆಳಕು ಕಡಿಮೆ ಆದಾಗ ಫ್ರೇಮ್ ರೇಟ್ ಇಳಿಸಿಬಿಡುತ್ತವೆ. ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಲೆಕ್ಕ ಹಾಕಿಕೊಂಡು ಕೂತಿರುತ್ತೆ. ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಾಯಿಸಿಕೊಳ್ಳಿ. 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್ ಆದ್ರೆ ಪ್ರಾಕ್ಸಿ, ಅಂದ್ರೆ ಅದೇ ವಿಡಿಯೋದ ಹಗುರ ಕಾಪಿ, ಮಾಡಿಕೊಂಡು ಅದರಲ್ಲೇ ಕೆಲಸ ಮಾಡಿ.

ಇನ್ನೊಂದು, ಶೂಟಿಂಗ್ ಜಾಗದಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ಬರೀ ಶಬ್ದ ರೆಕಾರ್ಡ್ ಮಾಡಿಕೊಳ್ಳಿ. ಎರಡು ಮಾತಿನ ನಡುವೆ ಕಟ್ ಮಾಡಿದಾಗ ಅಲ್ಲಿ ಪೂರ್ತಿ ನಿಶ್ಶಬ್ದ ಇದ್ರೆ ಕಿವಿಗೆ ಗುಂಡಿ ಬಿದ್ದ ಹಾಗೆ ಆಗುತ್ತೆ. ಆ ಗುಂಡಿಗೆ ಈ ಶಬ್ದವೇ ಮಣ್ಣು.

ಈಗ ನಿಜವಾದ ವಿಷಯ. ಕೆರೆ ಕೋಡಿಯಲ್ಲಿ ನೊರೆ ಬರುತ್ತೆ. ಅದು ನಮ್ಮ ಅತ್ಯುತ್ತಮ ಶಾಟ್. ಅದರ ಹತ್ತಿರವೇ ಒಬ್ಬ ತಾತ ಬಟ್ಟೆ ಒಗೀತಾರೆ. ಅವರ ಜೊತೆ ಇಪ್ಪತ್ತು ನಿಮಿಷ ಮಾತಾಡಿದ್ವಿ. ಮೊದಲ ಎಡಿಟ್‌ನಲ್ಲಿ ನೊರೆ, ಆಮೇಲೆ ತಾತ ಬಟ್ಟೆ ಒಗೆಯೋದು, "ಸೋಪು ನಾವೂ ಹಾಕ್ತೀವಿ" ಅನ್ನೋ ಅವರ ಮಾತು, ಮತ್ತೆ ನೊರೆ. ಚೆನ್ನಾಗಿ ಓಡ್ತಿತ್ತು. ಹಾಸ್ಟೆಲ್‌ನಲ್ಲಿ ತೋರಿಸಿದಾಗ ಒಬ್ಬ ಜೂನಿಯರ್ ಅಂದ, "ಫಸ್ಟ್ ಅವರನ್ನ ಅಲ್ಲಿಂದ ಎಬ್ಬಿಸ್ಬೇಕು."

ನಾವು ಸುಮ್ಮನಾಗಿಬಿಟ್ವಿ. ಯಾಕಂದ್ರೆ ತಾತ ಹೇಳಿದ್ದು ಪೂರ್ತಿ ಹೀಗಿತ್ತು: "ಸೋಪು ನಾವೂ ಹಾಕ್ತೀವಿ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ನೊರೆ ನಮ್ಮದಲ್ಲ ಮಗಾ. ನಾವು ಹುಟ್ಟಿದಾಗ್ನಿಂದ ಒಗೀತಿದೀವಿ, ನೊರೆ ಬಂದಿದ್ದು ಮೊನ್ನೆ ಮೊನ್ನೆ." ನಾವು ಒಂದು ಸುಳ್ಳನ್ನೂ ಸೇರಿಸಿರಲಿಲ್ಲ, ಅರ್ಧ ವಾಕ್ಯ ತೆಗೆದಿದ್ವಿ ಅಷ್ಟೇ.

ಉಳಿದ ಕೆಲಸ ಶಾಟ್‌ಗಳ ಜೋಡಣೆಯೇ ಮಾಡಿತ್ತು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು, ಹೀಗೆ ಬೇರೆ ಬೇರೆ ಶಾಟ್‌ಗಳ ಪಕ್ಕ ಇಟ್ಟು ತೋರಿಸಿದ್ದರು. ಮುಖ ಬದಲಾಗಿಲ್ಲ, ಆದ್ರೆ ನೋಡಿದವರಿಗೆ ಒಂದು ಕಡೆ ಹಸಿವು, ಇನ್ನೊಂದು ಕಡೆ ದುಃಖ ಕಾಣಿಸಿತಂತೆ. ಎರಡು ಶಾಟ್ ಪಕ್ಕಪಕ್ಕ ಬಂದ್ರೆ ನಮ್ಮ ತಲೆ ತಾನೇ ಕಾರಣ ಮತ್ತು ಪರಿಣಾಮ ಅಂತ ಗಂಟು ಹಾಕುತ್ತೆ.

ನೊರೆ ಹೇಗೆ ಬರುತ್ತೆ ಅಂತ ಆಮೇಲೆ ಕೂತು ಓದಿದ್ವಿ (ಮೊದಲೇ ಓದಬೇಕಿತ್ತು, ಗೊತ್ತು). ಡಿಟರ್ಜೆಂಟಿನ ಅಣುವಿಗೆ ಒಂದು ತುದಿ ನೀರು ಇಷ್ಟಪಡೋದು, ಇನ್ನೊಂದು ತುದಿ ನೀರಿಂದ ದೂರ ಓಡೋದು. ಹಾಗಾಗಿ ಅವು ನೀರಿನ ಮೇಲ್ಮೈಯಲ್ಲಿ ಸೇರಿಕೊಂಡು ಸರ್ಫೇಸ್ ಟೆನ್ಷನ್ ಇಳಿಸುತ್ತವೆ. ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಸಿಕ್ಕಿಹಾಕಿಕೊಂಡು, ಗುಳ್ಳೆಗಳು ಒಡೆಯದೆ ನಿಲ್ಲುತ್ತವೆ. ಡಿಟರ್ಜೆಂಟ್ ಬರೋದು ಬಹುಪಾಲು ಸಂಸ್ಕರಿಸದ ಮನೆಮನೆಯ ಕೊಳಚೆ ನೀರಿನಿಂದ, ರಾಜಕಾಲುವೆ ಮೂಲಕ. ನಮ್ಮ ಹಾಸ್ಟೆಲ್ ನೀರು ಎಲ್ಲಿಗೆ ಹೋಗುತ್ತೆ ಅಂತ ಪ್ಲಂಬರ್ ಅಣ್ಣನ್ನ ಕೇಳಿದ್ವಿ. "ಅದೇ ಕಾಲುವೆಗೆ, ಇನ್ನೆಲ್ಲಿಗೆ?" ಅಂದ್ರು.

ಹೊಸ ಎಡಿಟ್‌ನಲ್ಲಿ ನೊರೆಯ ಶಾಟ್ ಆದಮೇಲೆ ಬರೋದು ನಮ್ಮ ಬಾತ್‌ರೂಮಿನ ಬಕೆಟ್. ತಾತನ ಮಾತು ಪೂರ್ತಿ ಇದೆ, ಹನ್ನೊಂದು ಸೆಕೆಂಡ್. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ದೃಶ್ಯ ಹಾಕೋಣ ಅಂತ ನಮ್ಮಲ್ಲೊಬ್ಬಳು ಹೇಳಿದ್ಲು. ಹೆಸರು, ವರ್ಷ ಬರೆಯದೆ ಹಾಕಿದ್ರೆ ಜನ ಇದೇ ಕೆರೆ ಅಂದ್ಕೊಳ್ತಾರೆ, ಬರೆದ್ರೆ ಕಥೆ ಬೇರೆ ಕಡೆ ಹೋಗುತ್ತೆ. ಅರ್ಧ ಗಂಟೆ ಜಗಳ ಆಡಿ ಕೈಬಿಟ್ವಿ.

ಕೊನೇ ಕಾಟ ಕನ್ನಡ ಸಬ್‌ಟೈಟಲ್‌ದು. "ಸ್ವಚ್ಛ" ಅಂತ ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದು ಅಕ್ಷರಗಳು ಸಾಲಾಗಿ ನಿಲ್ತಿದ್ವು. ಯೂನಿಕೋಡ್‌ನಲ್ಲಿ ಒತ್ತಕ್ಷರ ಅಂತ ಬೇರೆ ಅಕ್ಷರ ಇಲ್ಲ. ಬಿಡಿ ಅಕ್ಷರಗಳನ್ನ ಕೂಡಿಸಿ ತೋರಿಸೋದು ಸಾಫ್ಟ್‌ವೇರಿನ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಅನ್ನೋ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ರೆ ನಮ್ಮ ಹಾಗೆ ಇಂಕ್‌ಸ್ಕೇಪ್‌ನಲ್ಲಿ ಒಂದೊಂದು ಸಾಲನ್ನೂ ಚಿತ್ರ ಮಾಡಿ ಅಂಟಿಸಿ.

ಮುಗಿದ ಮೇಲೆ ತಾತನಿಗೆ ಫೋನಿನಲ್ಲಿ ತೋರಿಸಿದ್ವಿ. ಎರಡು ಸಲ ನೋಡಿದ್ರು. "ಇಷ್ಟೇನಾ? ಅಷ್ಟೊತ್ತು ಮಾತಾಡಿದ್ನಲ್ಲೋ!" ಅಂದ್ರು.