ನಿಮಗಿದು ಗೊತ್ತೆ? ತುತ್ತೂರಿಗೊಂದು ಪತಾಕೆ

1773ರಲ್ಲಿ ವಾರನ್ ಹೇಸ್ಟಿಂಗ್ಸನು ಮೊಗಲ್ ಅಶ್ವದಳದಿಂದ ಆಯ್ದ 50 ಸವಾರರನ್ನಿಟ್ಟು ಕಾಶಿಯಲ್ಲಿ ಕಟ್ಟಿದ ಅಂಗರಕ್ಷಕ ಪಡೆಗೆ ಮತ್ತೆ 50 ಮಂದಿಯನ್ನು ಒದಗಿಸಿ ಅದನ್ನು ನೂರಕ್ಕೇರಿಸಿದವನು ಕಾಶೀರಾಜ ಚೇತಸಿಂಹ; ಆ ದೊರೆಯನ್ನೇ 1781ರಲ್ಲಿ ಹೇಸ್ಟಿಂಗ್ಸನು ಪದಚ್ಯುತಗೊಳಿಸಿದುದು ಉಪಕಾರಸ್ಮರಣೆಯ ವಿಚಿತ್ರ ಪರಿಯೆನ್ನಬೇಕು. ಇಂದು ರಾಷ್ಟ್ರಪತಿಗಳ ಅಂಗರಕ್ಷಕ ದಳವೆನಿಸಿರುವ ಆ ಪಡೆಗೆ ನೂರೈವತ್ತು ಸಂವತ್ಸರಗಳು ತುಂಬಿದ 1923ರಲ್ಲಿ ವೈಸರಾಯ್ ಲಾರ್ಡ್ ರೀಡಿಂಗರು ಬೆಳ್ಳಿಯ ಎರಡು ತುತ್ತೂರಿಗಳನ್ನೂ, ಅವುಗಳಿಂದ ಇಳಿಬೀಳುವ ಪತಾಕೆಗಳನ್ನೂ ದಯಪಾಲಿಸಿದರು. ಅಂದಿನಿಂದ ಅಧಿಕಾರಾರೂಢರಾದವರು ತಮ್ಮ ತುತ್ತೂರಿ-ಪತಾಕೆಗಳನ್ನು ಪಡೆಗೆ ಪ್ರದಾನಮಾಡುವುದು ಸಂಪ್ರದಾಯವಾಯಿತು. ವೈಸರಾಯರ ವಂಶಲಾಂಛನವಿದ್ದೆಡೆಯಲ್ಲಿ ಈಗ ಆಯಾ ರಾಷ್ಟ್ರಪತಿಗಳ ಅಂಕಿತಾಕ್ಷರಗಳಿರುತ್ತವೆ. ಬಾಬು ರಾಜೇಂದ್ರಪ್ರಸಾದರು ತಮ್ಮ ಪತಾಕೆಯನ್ನಿತ್ತುದು 1957ರ ಮೇ 14ರಂದು. ಸೇನೆಯ ಮತ್ತಾವ ದಳಕ್ಕೂ ಈ ಪತಾಕೆಯನ್ನು ಧರಿಸುವ ಅಧಿಕಾರವಿಲ್ಲ.