ಗಾಡಿ ಓಡಿದರೆ ಸಾಲದು, ನಿಲ್ಲಬೇಕು

ಈಗ ನಮ್ಮಲ್ಲಿ ಎಷ್ಟೋ ಹೆಂಗಸರು ಸ್ಕೂಟರ್ ಓಡಿಸುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ಡೇರಿಗೆ ಹಾಲು ಹಾಕುತ್ತಾರೆ. ಸಂತೆಗೆ ಹೋಗಿ ಬರುತ್ತಾರೆ. ಗಾಡಿ ಓಡಿದರೆ ಸಾಕೆ? ಬೇಕೆಂದ ಕಡೆ ನಿಲ್ಲಬೇಕು. ದಾರಿಗೆ ಅಡ್ಡವಾಗಿ ಎಮ್ಮೆ ಬಂತು ಅನ್ನಿ. ಆಗ ನಮ್ಮನ್ನೂ ಹಿಂದೆ ಕೂತ ಮಗುವನ್ನೂ ಕಾಯುವುದು ಬ್ರೇಕು.

ಬ್ರೇಕು ಎರಡು ಥರ

ಒಂದು ಡ್ರಮ್ ಬ್ರೇಕು. ಚಕ್ರದ ನಡುವೆ ಡಬ್ಬಿಯಂಥ ಡ್ರಮ್ ಇರುತ್ತದೆ. ಒಳಗೆ ಎರಡು ‘ಶೂ’ ಇರುತ್ತವೆ. ಬ್ರೇಕ್ ಹಿಡಿದಾಗ ಅವು ಅಗಲವಾಗಿ ಡ್ರಮ್ಮಿಗೆ ಒತ್ತುತ್ತವೆ.

ಇನ್ನೊಂದು ಡಿಸ್ಕ್ ಬ್ರೇಕು. ಚಕ್ರದ ಪಕ್ಕದಲ್ಲಿ ಉಕ್ಕಿನ ತಟ್ಟೆ ಕಾಣುತ್ತದೆ. ಅದೇ ಡಿಸ್ಕು. ಎರಡು ‘ಪ್ಯಾಡ್’ಗಳು ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ.

ಶೂ, ಪ್ಯಾಡು ಉಜ್ಜಿ ಉಜ್ಜಿ ಸವೆಯುತ್ತವೆ. ಚಪ್ಪಲಿಯ ಅಟ್ಟೆ ಸವೆದ ಹಾಗೆ.

ಸವೆದದ್ದು ತಿಳಿಯೋದು ಹೇಗೆ?

ಪ್ಯಾಡಿನ ನಡುವೆ ಒಂದು ಗೀರು ಇರುತ್ತದೆ. ಗೀರು ಅಳಿಸಿ ಹೋಗುವ ಹೊತ್ತಿಗೆ ಪ್ಯಾಡ್ ಬದಲಾಯಿಸಬೇಕು. ‘ಕಿರ್ರ್’ ಎಂದು ಕಬ್ಬಿಣ ಕೆರೆದ ಸದ್ದು ಬಂದರೆ ತಡಮಾಡಬಾರದು. ಪ್ಯಾಡ್ ಮುಗಿದು ಅದರ ಹಿಂದಿನ ಲೋಹ ಡಿಸ್ಕನ್ನೇ ಕೆರೆಯುತ್ತಿರಬಹುದು. ಆಗ ಪ್ಯಾಡಿನ ಜೊತೆ ಡಿಸ್ಕಿಗೂ ದುಡ್ಡು ಸುರಿಯಬೇಕಾಗುತ್ತದೆ.

ಅನೇಕ ಡ್ರಮ್ ಬ್ರೇಕುಗಳಲ್ಲಿ ಹೊರಗೆ ಬಾಣದ ಗುರುತು ಇರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಬಾಣವು ಎದುರಿನ ಗುರುತಿಗೆ ಸೇರಿದರೆ ಶೂ ಮುಗಿದಿದೆ ಎಂದು ಅರ್ಥ.

ಡಿಸ್ಕನ್ನೂ ಬದಲಾಯಿಸಬೇಕೆ?

“ಅಕ್ಕಾ, ಡಿಸ್ಕೂ ಹೊಸದು ಹಾಕ್ಬೇಕು” ಎನ್ನಬಹುದು ಮೆಕ್ಯಾನಿಕ್. “ಯಾಕಪ್ಪಾ? ಅಳೆದು ತೋರ್ಸು” ಎಂದು ನಾವು ಕೇಳಬೇಕು. ಪ್ರತಿ ಸಲ ಪ್ಯಾಡ್ ಹಾಕಿದಾಗ ಡಿಸ್ಕ್ ಹಾಕಬೇಕಾಗಿಲ್ಲ. ಡಿಸ್ಕಿನ ಮೇಲೆ ‘ಮಿನ್’ ಎಂದು ಇಂಗ್ಲಿಷಿನಲ್ಲಿ ಕೆತ್ತಿ, ಪಕ್ಕದಲ್ಲಿ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಅದು 3.5 ಎಂದಿದ್ದರೆ ಡಿಸ್ಕು 3.5 ಮಿಲಿಮೀಟರಿಗಿಂತ ತೆಳ್ಳಗಾಗಬಾರದು. ತೆಳ್ಳಗಾಗಿದ್ದರೆ, ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಆಳವಾದ ಗೀರು ಬಿದ್ದಿದ್ದರೆ ಬದಲಾಯಿಸಲೇಬೇಕು. ಕಲಿತ ಅಂಕಿ ಇಲ್ಲಿ ನಮ್ಮ ಕೈ ಹಿಡಿಯುತ್ತದೆ.

ಕೊಳ್ಳುವಾಗ

ಗಾಡಿಯ ಹೆಸರು, ಮಾಡೆಲ್, ಅದು ತಯಾರಾದ ವರ್ಷ ಚೀಟಿಯಲ್ಲಿ ಬರೆದುಕೊಂಡು ಹೋಗೋಣ. ಕೆಲವು ಸ್ಕೂಟರುಗಳ ಡ್ರಮ್ 110 ಮಿಲಿಮೀಟರ್, ಕೆಲವದು 130. ಒಂದರ ಶೂ ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯದನ್ನು ಹೊಸದರ ಪಕ್ಕ ಇಟ್ಟು ನೋಡೋಣ. ಪೊಟ್ಟಣದ ಮೇಲಿನ ಹೆಸರು, ಬೆಲೆ ಓದೋಣ. ಬಿಲ್ ಕೇಳಿ ಪಡೆಯೋಣ. ಒಂದು ಚಕ್ರದ ಎರಡು ಪ್ಯಾಡನ್ನೂ, ಎರಡು ಶೂಗಳನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದು ಆಗಬಾರದು.

ಹಾಕಿಸುವಾಗ

ಪ್ಯಾಡಿಗೆ, ಶೂಗೆ ಎಣ್ಣೆ ಗ್ರೀಸು ತಗಲಬಾರದು. ತಗಲಿದರೆ ಬ್ರೇಕು ಜಾರುತ್ತದೆ. ಹಳೆಯ ಬ್ರೇಕಿನ ದೂಳನ್ನು ಬಾಯಿಂದ ಊದಬಾರದು. ಕೆಲವು ಶೂಗಳಲ್ಲಿ ಕಲ್ನಾರು ಇರುತ್ತದೆ. ಆ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಮುಂದೆ ಕ್ಯಾನ್ಸರ್ ಬರಬಹುದು. ಮಕ್ಕಳನ್ನು ದೂರ ನಿಲ್ಲಿಸೋಣ.

ಡಿಸ್ಕ್ ಬ್ರೇಕಿಗೆ ಬ್ರೇಕ್ ಆಯಿಲ್ ಬೇಕು. ಡಾಟ್ 3 ಅಥವಾ ಡಾಟ್ 4 ಎಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಬರೆದದ್ದನ್ನೇ ಹಾಕಿಸಬೇಕು. ಎಂಜಿನ್ ಆಯಿಲ್ ಹಾಕಲೇಬಾರದು.

ಹೊಸ ಪ್ಯಾಡ್ ಹಾಕಿದ ಮೇಲೆ, ಗಾಡಿ ನಿಂತಿರುವಾಗಲೇ ಬ್ರೇಕನ್ನು ಹಲವು ಸಲ ಹಿಡಿದು ಬಿಡಬೇಕು. ಮೊದಲು ಹಿಡಿಕೆ ಸಡಿಲ ಇರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಗಟ್ಟಿಯಾಗದಿದ್ದರೆ ಗಾಡಿ ತೆಗೆಯಬಾರದು. ಖಾಲಿ ರಸ್ತೆಯಲ್ಲಿ ನಿಧಾನ ಓಡಿಸಿ ನೋಡಬೇಕು. ಹೊಸ ಪ್ಯಾಡು ಹೊಂದಿಕೊಳ್ಳುವ ತನಕ ಜೋರಾಗಿ ಹೋಗುವುದು ಬೇಡ.

ಬ್ರೇಕು ಸರಿಯಾಗಿ ಹಿಡಿಯಿತೆ? ಹಾಗಾದರೆ ಮಗುವನ್ನು ಹತ್ತಿಸಿಕೊಳ್ಳೋಣ.